ಬಿಡೋದಾ, ಹಿಡಿಯೋದಾ

ದರ್ಜಿ ಅಂಗಡಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕ, ತಂಗಿ ಕೂತಿದ್ದರು. ಇಬ್ಬರ ತೊಡೆಯ ಮೇಲೂ ಒಂದೇ ಜಿಮ್ಮಿನ ಹೆಸರಿದ್ದ ಜಾಕೆಟ್ಟು.

"ಮತ್ತೆ ಹೊಲಿಗೆ ಬಿಚ್ಚಿಸ್ತಿದ್ದೀಯಾ?" ಎಂದಳು ತಂಗಿ.

"ಇನ್ನೇನ್ ಮಾಡ್ಲಿ? ಮೈ ತುಂಬಿಕೊಂಡ್ರೇನೆ ಭಾರ ಎತ್ತೋ ಬಲ ಬರೋದು ಅಂತ ಕೋಚ್ ಹೇಳಿದಾರೆ. ಹಸಿವಿಲ್ಲದಿದ್ರೂ ತಿಂತೀನಿ. ಕನ್ನಡಿ ಕಂಡ್ರೆ ಮಾತ್ರ ಮುಖ ತಿರುಗಿಸ್ಕೋತೀನಿ."

"ನೀನೇ ಬೇಕು ಅಂತ ದಪ್ಪ ಆಗಿರೋದಲ್ವಾ?"

"ಹೌದು. ಆದ್ರೂ ನಿನ್ನ ಸೊಂಟ ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣೇ. ನಿನ್ನೆ ಕದ್ದು ನಿನ್ ಜಾಕೆಟ್ ಹಾಕ್ಕೊಂಡು ನೋಡ್ದೆ. ಮೊಣಕೈ ದಾಟ್ಲಿಲ್ಲ."

"ಹಾಗಾದ್ರೆ ತಿನ್ನೋದ್ ನಿಲ್ಸು. ನನ್ ಥರಾನೇ ಇರು."

"ನಿನ್ ಥರ ಇದ್ದಾಗ ನೂರು ಕಿಲೋ ಎತ್ತೋಕಾಗ್ತಿರ್ಲಿಲ್ಲ. ಮೊನ್ನೆ ಎತ್ತಿದೆ."

ತಂಗಿ ತನ್ನ ಜಾಕೆಟ್ಟಿನ ಜಿಪ್ಪನ್ನು ಎಳೆದಳು, ಬಿಟ್ಟಳು.

"ನಂಗೆ ಹೇಳ್ಲೇ ಇಲ್ಲ."

"ನೀನು ಕೇಳೋದೆಲ್ಲ ನನ್ ಹೊಟ್ಟೆ ವಿಚಾರ ತಾನೇ?"

ದರ್ಜಿ ಅಕ್ಕನ ಜಾಕೆಟ್ಟನ್ನು ಮೇಜಿನ ಮೇಲೆ ಹರಡಿದ. "ಸಡಿಲ ಬಿಡೋದಾ, ಬಿಗಿ ಹಿಡಿಯೋದಾ?"

"ಬಿಡಿ. ಭುಜಕ್ಕೆ ಒಂದಿಂಚು, ಸೊಂಟಕ್ಕೂ ಒಂದಿಂಚು," ಎಂದಳು ಅಕ್ಕ. ಸೊಂಟ ಎನ್ನುವಾಗ ದನಿ ತಗ್ಗಿಸಿದಳು. ಆಮೇಲೆ ಗಾಡಿ ತೆಗೆಯಲು ಹೊರಗೆ ಹೋದಳು.

"ನಿಮ್ದು ಯಾವತ್ತಿನ ಹಾಗೆ ಹಿಡಿಯೋದು ತಾನೇ?" ದರ್ಜಿ ತಂಗಿಯನ್ನು ಕೇಳಿದ.

ತಂಗಿ ಬಾಗಿಲ ಕಡೆ ನೋಡಿದಳು. "ಇಲ್ಲ, ಭುಜಕ್ಕೆ ಬಿಡಿ. ಅವಳಿಗಿಂತ ಅರ್ಧ ಇಂಚು ಜಾಸ್ತೀನೇ ಬಿಡಿ."

ಹೊರಗೆ ಹಾರ್ನ್ ಕೇಳಿಸಿತು. ಅವಳು ಓಡಿದಳು.