ನೀಲಿ ದೀಪ ಆರಿಸಿದ್ದು ಯಾರು?

ಆ ರಾತ್ರಿ ನನ್ನ ಚಿಕ್ಕಮ್ಮನ ಮಗಳು ಪ್ರಯೋಗಾಲಯದಿಂದ ಹೊರಡುವಾಗ ಮುಂದಿನ ಗೇಟಿಗೆ ಬೀಗ ಬಿದ್ದಿತ್ತು. ಹಿತ್ತಲ ದಾರಿ ಹಿಡಿದಳು. ಅಲ್ಲೊಂದು ಹಳೇ ಬಾವಿ. ಅದರ ಹತ್ತಿರ ಬಂದಾಗ... ಹೂಊಊ. ಬಿಸಿ ಟೀ ಆರಿಸಲು ಊದುತ್ತೇವಲ್ಲ, ಥೇಟ್ ಹಾಗೆ.

ನಾನು ಊರೂರು ಸುತ್ತಿದವಳು. ದೆವ್ವಕ್ಕಿಂತ ಹೋಟೆಲಿನ ತಿಗಣೆಗೇ ಹೆಚ್ಚು ಹೆದರಿದವಳು. ಆದರೆ ಇವಳು ಸುಳ್ಳು ಹೇಳುವ ಪೈಕಿಯಲ್ಲ.

ಆ ಬಾವಿಯಲ್ಲಿ ಸತ್ತಿದ್ದು ಇವಳ ಜೊತೆ ಕೆಲಸ ಮಾಡುತ್ತಿದ್ದ ವಿಜ್ಞಾನಿ. ಕೈಗೆ ಸದಾ ಅಂಟಂಟು ಪಾಲಿಮರ್ ಮೆತ್ತಿರುತ್ತಿತ್ತು, ಹಾಗಾಗಿ ಎಲ್ಲರ ಬಾಯಲ್ಲೂ ಅಂಟಕ್ಕ. ಅಂಗೈಯಗಲದ ಪಾಲಿಮರ್ ಪದರವೊಂದನ್ನು ಮಾಡಿದ್ದಳು. ನೀಲಿ ದೀಪ ಬಿದ್ದರೆ ಅದು ಕಾದು, ಹಾಲಿನಂತೆ ಬೆಳ್ಳಗಾಗಿ, ಹಿಂದಿನಿಂದ ಬರುವ ಲೇಸರನ್ನು ತಡೆಯುತ್ತದೆ. ದೀಪ ಆರಿದರೆ ತಣ್ಣಗಾಗಿ, ತಿಳಿಯಾಗಿ, ಲೇಸರನ್ನು ಬಿಟ್ಟುಬಿಡುತ್ತದೆ. ಬೆಳಕಿಗೆ ಬೆಳಕೇ ಸ್ವಿಚ್ಚು.

ಪದರದ ಮುಂದೆ ಮುಖ ಒಡ್ಡುವ ಮೊದಲು ಲೇಸರಿಗೆ ತಗಡಿನ ಮರೆ ಇಡಲೇಬೇಕು, ಇದು ಅಂಟಕ್ಕನದೇ ನಿಯಮ. ಪ್ರಯೋಗಾಲಯದ ಮುಖ್ಯಸ್ಥರು, ಎಲ್ಲರಿಗೂ ಸಾಹೇಬರು, ನಕ್ಕರು. "ಹೆತ್ತವಳಿಗೇ ಮಗುವಿನ ಮೇಲೆ ನಂಬಿಕೆ ಇಲ್ವೇನಮ್ಮ? ತೆಗೀರಿ ಆ ತಗಡು."

ತೆಗೆದಳು. ಬಗ್ಗಿ ನೋಡಿದಳು. ಸಾಹೇಬರ ಬೆರಳು ದೀಪದ ಗುಂಡಿಗೆ ಹೋಯಿತು. ಟಿಕ್.

ಎರಡೂ ಕಣ್ಣು ಹೋದವು.

"ಪಾಪ, ದೀಪಾನ ಅವಳೇ ಆರಿಸ್ಕೊಂಡ್ಳು" ಎಂದರು ಸಾಹೇಬರು. ಅಲ್ಲೇ ನಿಂತಿದ್ದ ಇವಳು ಕಂಡದ್ದನ್ನು ವಿಚಾರಣೆಯಲ್ಲಿ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪದರಕ್ಕೆ ಸಾಹೇಬರ ಹೆಸರು ಬಿತ್ತು. ಅಂಟಕ್ಕ ಮಾತ್ರ ಕೈಗೆ ಸಿಕ್ಕವರನ್ನೆಲ್ಲ ಹಿಡಿದು, "ನಾನೇ ಆರಿಸಿದ್ನಾ?" ಎಂದು ಕೇಳುತ್ತಾ ತಿರುಗಿದಳು, ಬಾವಿಗೆ ಬೀಳುವವರೆಗೂ.

ಆ ರಾತ್ರಿ, ಊದಿದ ಸದ್ದಿನ ಬೆನ್ನಿಗೇ, ಬಾವಿಯೊಳಗಿಂದ ಪಿಸುದನಿ.

"ಲೇ... ದೀಪ ಆರಿಸಿದ್ದು ಯಾರೇ?"

ಇವಳು ಬಾವಿಯತ್ತ ಬಗ್ಗಿದಳು. "ಸಾಹೇಬ್ರು ಕಣಕ್ಕಾ."

"ನಾನಲ್ವಲ್ಲ?"

"ನೀನಲ್ಲ."

ನೀರು ಒಮ್ಮೆ ಗುಳುಕ್ ಎಂದಿತು...

"ಸರಿ. ಮನೆಗ್ಹೋಗು."

ಮಾರನೇ ದಿನ ಪದರ ನೋಡಲು ದೊಡ್ಡ ಮಂದಿ ಬಂದಿದ್ದರು. ಸಾಹೇಬರಿಗೆ ಹುರುಪು ತಡೆಯಲಿಲ್ಲ. ನೀಲಿ ದೀಪ ಹಾಕಿಸಿ, ಕಪ್ಪು ಕನ್ನಡಕ ತೆಗೆದು, ಬೆಳ್ಳಗಾದ ಪದರದೆದುರು ಮುಖವೊಡ್ಡಿ ನಿಂತರು. "ನೋಡಿ, ಗೋಡೆ ಇದ್ದ ಹಾಗೆ!"

ಹೂಊಊ...

ಅಲ್ಲಿದ್ದವರೆಲ್ಲರಿಗೂ ಕೇಳಿಸಿತು. ಯಾರೋ ಹಿಂದೆ ತಿರುಗಿಯೂ ನೋಡಿದರು. ಅಷ್ಟರಲ್ಲಿ ಪದರ ನೀರಿನಷ್ಟು ತಿಳಿಯಾಯಿತು. ಸಾಹೇಬರು ಕಿರುಚಲಿಲ್ಲ. ಮೇಜು ತಡಕುತ್ತಾ, "ಆರಿಸಿದ್ಯಾರು? ಆರಿಸಿದ್ಯಾರು?" ಎಂದರಂತೆ.

ಯಾರೂ ಆರಿಸಿರಲಿಲ್ಲ. ದೀಪ ಉರಿಯುತ್ತಲೇ ಇತ್ತು. ಇವಳು ಅದರಡಿ ಕೈಯಿಟ್ಟು ನೋಡಿದಳು, ಚುರ್ ಎಂದಿತು. ಪದರ ಮಾತ್ರ ಊದಿ ಆರಿಸಿದ ಟೀಯಂತೆ ತಣ್ಣಗಿತ್ತು.

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ನಡೆದದ್ದಂತೂ ನಿಜ. ಆ ಪದರವನ್ನು ನನಗೂ ತೋರಿಸಿದಳು. ನೀಲಿ ದೀಪ ಹಾಕಿದರೆ ಈಗಲೂ ಬೆಳ್ಳಗಾಗುತ್ತದೆ. ನಡುವೆ ಎರಡು ದುಂಡು ಜಾಗ ಮಾತ್ರ ಎಷ್ಟು ಕಾಯಿಸಿದರೂ ತಿಳಿಯಾಗಿಯೇ ಉಳಿಯುತ್ತವೆ. ಒಂದರಿಂದ ಇನ್ನೊಂದಕ್ಕೆ, ಸರಿಯಾಗಿ, ಕಣ್ಣಿಗೂ ಕಣ್ಣಿಗೂ ಇರುವಷ್ಟು ದೂರ.