ಬ್ಯಾಟರಿ ಗಾಡಿಯ ಲೆಕ್ಕ

ಹಲ್ಲು ಕೀಳಿಸಿಕೊಂಡು ಹತ್ತಿ ಕಚ್ಚಿ ಕೂತಿದ್ದ ಬಟ್ಟೆ ಹೊಲಿಯುವಾಕೆ ಬಾಯಿ ಬಿಡುವ ಹಾಗಿರಲಿಲ್ಲ. ಕಿವಿಗೇನು ತಡೆ? ಪಕ್ಕದಲ್ಲೇ ಮಾವ ಅಳಿಯ ಇಬ್ಬರು ಹಲ್ಲಿನ ಡಾಕ್ಟರ ಕರೆಗೆ ಕಾಯುತ್ತಿದ್ದರು.

“ಮಾವ, ಮನೆಮನೆಗೆ ಬ್ರೆಡ್ಡು ಹಾಕೋ ನಿಮಗೆ ಬ್ಯಾಟರಿ ಗಾಡಿನೇ ಸರಿ. ನಿಮ್ಮ ಬೈಕು ಒಂದು ದಿನ ಕುಡಿಯೋ ಪೆಟ್ರೋಲ್ ದುಡ್ಡಲ್ಲಿ ನಾನು ವಾರ ಓಡಾಡ್ತೀನಿ.”

“ಬ್ಯಾಟರಿ ಕೈಕೊಟ್ರೆ ಒಂದೇ ಸಲ ಗಂಟು ಬಿಚ್ಚಬೇಕಲ್ಲ, ಅಳಿಯಂದ್ರೇ!”

“ಬಿಚ್ಚಬೇಕು, ಇಲ್ಲ ಅನ್ನಲ್ಲ. ಅಷ್ಟು ವರ್ಷದ ಪೆಟ್ರೋಲು, ಆಯಿಲ್ಲು ಕೂಡಿ ನೋಡಿ, ಆಗ್ಲೂ ನೀವೇ ಗೆದ್ದಿರ್ತೀರಿ. ಮನೇಲೇ ಚಾರ್ಜಿಗೆ ಹಾಕಿ ಮಲಗೋದು. ಪೆಟ್ರೋಲ್ ಬಂಕಿನ ಕಡೆ ತಲೆನೇ ಹಾಕಬೇಕಾಗಿಲ್ಲ.”

“ಅದೇ ನೋಡಿ ತೊಂದರೆ.”

“ಯಾಕೆ?”

ಮಾವ ಊದಿದ ಕೆನ್ನೆ ಸವರಿಕೊಂಡ. “ಬಂಕಲ್ಲಿ ನಮ್ಮ ಕುಳ್ಳ ಇದಾನಲ್ಲ, ಚಡ್ಡಿ ದೋಸ್ತಿ. ಅವನನ್ನ ನೋಡೋಕೇ ದಿನಾ ಒಂದೊಂದು ಲೀಟರ್ ಹಾಕಿಸೋದು.”

“ಅದಕ್ಕೇನಾ ಟ್ಯಾಂಕ್ ತುಂಬಿಸದೇ ಇರೋದು! ಅತ್ತೆ ನಿಮ್ಮನ್ನ ಜಿಪುಣ ಅಂತಾರೆ.”

“ಅನ್ಲಿ ಬಿಡಿ. ಅವನ ಹತ್ರ ನಾಲ್ಕು ಮಾತಾಡದಿದ್ರೆ ನಂಗೆ ಬೆಳಗೇ ಆಗಲ್ಲ. ಸುಮ್ನೆ ಹೋಗಿ ನಿಂತ್ರೆ ಮಾಲೀಕ ಅವನಿಗೆ ಬೈತಾನೆ.”



“ಮಾವ, ಬ್ಯಾಟರಿ ಗಾಡಿ ಟೈರಿಗೂ ಗಾಳಿ ಬೇಕಲ್ವಾ?”

“ಬೇಕು.”

“ಗಾಳಿ ಎಲ್ಲಿ ಹಾಕ್ತಾರೆ?”

“ಬಂಕಲ್ಲಿ… ಅರೆ! ಅದೂ ಪುಕ್ಕಟೆ!”

ಒಳಗಿನಿಂದ ಕರೆ ಬಂತು. ಮಾವ ಹಲ್ಲುನೋವು ಮರೆತು ಎದ್ದವನು ಬಾಗಿಲ ಬಳಿ ತಿರುಗಿ ನಿಂತ. “ದಿನಾ ಗಾಳಿ ತುಂಬಿಸಿದ್ರೆ ಟೈರ್ ಸಿಡಿಯಲ್ವಾ?”

“ದಾರೀಲಿ ಒಂಚೂರು ಬಿಟ್ಕೊಂಡು ಹೋಗಿ, ಮಾವ.”

ಇಬ್ಬರೂ ಒಳಗೆ ಹೋದರು. ಬಟ್ಟೆ ಹೊಲಿಯುವಾಕೆ ನಗು ತಡೆಯಲು ಹತ್ತಿಯನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿದಳು.