ದುರ್ಗಿ ಬಾರಿಸಿದ ನಗಾರಿ

ಹೂಂಗುಟ್ಟುವವರು ಹತ್ತಿರ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ಯಾವುದೋ ಕಾಲ, ಯಾವುದೋ ಸೀಮೆ, ಕಡಲಂಚಿಗೆ ಒಂದು ಊರು. ದಡದಲ್ಲೊಂದು ನಗಾರಿ. ಹಡಗಿಗೆ ಕೇಡಾಗಿದೆ ಅಂತ ಯಾರಾದರೂ ಅದನ್ನು ಬಾರಿಸಿದರೆ ಊರಿನ ದೋಣಿಗಳೆಲ್ಲ ನೀರಿಗಿಳಿಯಬೇಕು. ಆದರೆ ಹಡಗು ತಿರುಗಿ ಬಂತೋ, ನಗಾರಿ ಸುಳ್ಳಾಯಿತು, ಬಾರಿಸಿದವರು ಊರು ಬಿಡಬೇಕು. ಇದು ಅಲ್ಲಿನ ಕಟ್ಟಳೆ. ಹೀಗಾಗಿ ಏನಾಗುತ್ತಿತ್ತು? ಹೆಣ ದಡಕ್ಕೆ ಬಂದ ಮೇಲೆಯೇ ಬಾರಿಸುತ್ತಿದ್ದರು. ಯಾರಿಗೂ ತೊಂದರೆಯಿಲ್ಲ ನೋಡಿ.

ಊರಿನ ಯಜಮಾನ ಬೊಮ್ಮಯ್ಯ. ಅವನ ಮಗ ಜಟ್ಟಿ ಊರಿನ ಗಂಡಸರ ಜೊತೆ ಹಡಗು ಹತ್ತಿ ಹೋಗಿದ್ದ. ಒಂದು ಬೆಳಿಗ್ಗೆ ಜಟ್ಟಿಯ ಹೆಂಡತಿ ದುರ್ಗಿ ಮೀನು ಒಣಹಾಕುತ್ತಾ ಕಡಲ ಕಡೆ ನೋಡಿದಳು. ದೂರದಲ್ಲಿ ಹಡಗು. ಬಿಸಿಲೇರಿದರೂ ಇದ್ದಲ್ಲೇ ಇತ್ತು, ಒಂದು ಮಗ್ಗುಲಿಗೆ ವಾಲಿತ್ತು.

ಅತ್ತೆಗೆ ಹೇಳಿದಳು. ಗಾಳಿ ನಿಂತಿದೆ, ಬರ್ತಾರೆ ಬಿಡು ಅಂದಳು ಅತ್ತೆ. ಬಲೆ ಹೆಣೆಯುವವರಿಗೆ ಹೇಳಿದಳು. ಬರ್ತಾರೆ ಬಿಡು ಅಂದರು, ತಲೆ ಎತ್ತಲೇ ಇಲ್ಲ. ಮಾವನಿಗೆ ಹೇಳಿದಳು. ಅವನು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. ಅವನಿಗೂ ಕಂಡಿತ್ತು, ಕೇಳಿ. ಆದರೂ ಬರ್ತಾರೆ ಬಿಡು ಅಂದ.

ದುರ್ಗಿ ನಗಾರಿಯ ಹತ್ತಿರ ಹೋದಳು. ಬಾರಿಸಿದರೆ ಊರು ಹೋಗುತ್ತದೆ, ಬಾರಿಸದಿದ್ದರೆ ಗಂಡ ಹೋಗುತ್ತಾನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅವಳು ಕೋಲು ಎತ್ತಿ ಬಾರಿಸಿಯೇ ಬಿಟ್ಟಳು.

ದೋಣಿಗಳು ಹೋದವು. ಹಡಗಿನ ತಳ ಒಡೆದು ನೀರು ನುಗ್ಗಿತ್ತು. ಎಲ್ಲರೂ ಸೇರಿ ನೀರು ಮೊಗೆದು ಚೆಲ್ಲಿ, ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದರು. ಒಂದು ಜೀವವೂ ಹೋಗಲಿಲ್ಲ. ಅಪ್ಪಿಕೊಂಡು ಅತ್ತರು, ನಕ್ಕರು, ಗಂಜಿ ಕುಡಿದರು. ಆಮೇಲೆ ಕಟ್ಟಳೆ ನೆನಪಾಯಿತು.

"ಹಡಗು ಬಂದಿದೆ, ನಗಾರಿ ಸುಳ್ಳಾಯಿತು," ಅಂದ ಬೊಮ್ಮಯ್ಯ, ಸೊಸೆಯ ಮುಖ ನೋಡದೆ. "ನೀನು ಊರು ಬಿಡಬೇಕು ಮಗಳೇ."

ದುರ್ಗಿ ಹೋಗಿ ಬಟ್ಟೆ ಗಂಟು ಕಟ್ಟಿದಳು. ಜಟ್ಟಿ ಎದ್ದವನೇ ಆ ಒಡೆದ ಹಡಗನ್ನು ಹತ್ತಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ, ಹೀಗೆ ಬದುಕಿ ಬಂದವರೆಲ್ಲ ಹತ್ತಿದರು.

"ಎಲ್ಲಿಗೋ?" ಅಂದ ಬೊಮ್ಮಯ್ಯ.

"ಎಲ್ಲಿದ್ದೆವೋ ಅಲ್ಲಿಗೆ, ಅಪ್ಪಯ್ಯ. ನಾವು ಮುಳುಗಿದರೆ ಅವಳ ನಗಾರಿ ನಿಜವಾಗ್ತದಲ್ಲ, ಆಗ ಅವಳು ಊರಲ್ಲಿರಬಹುದು. ದೂಡಿ, ನಿಮ್ಮ ಕೈಯಿಂದಲೇ ದೂಡಿ."

ಬೊಮ್ಮಯ್ಯ ಹಡಗಿನ ಅಂಚಿಗೆ ಕೈ ಇಟ್ಟ. ದೂಡಲಿಲ್ಲ, ಹಿಡಿದುಕೊಂಡು ನಿಂತ. ಕೊನೆಗೆ ಸೊಸೆಯನ್ನು ಕರೆದು, ಗಂಟು ಬಿಚ್ಚು ಮಗಳೇ ಅಂದ.

ಅಂದಿನಿಂದ ಆ ಊರಲ್ಲಿ ನಗಾರಿ ಸುಳ್ಳಾದ ದಿನ ಮನೆಮನೆಯಲ್ಲೂ ಪಾಯಸ ಮಾಡುತ್ತಾರಂತೆ. ಹಡಗು ದಡಕ್ಕೆ, ಕತೆ ನಿಮ್ಮ ಮಡಿಲಿಗೆ, ನಾನು ನನ್ನ ಮನೆಗೆ.